ಸ್ವಯಂಸೇವಕರಿಗೂ ವಿಮೆ ಇರಲಿ

ಮಾನ್ಯರೇ,

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಪರಿಹಾರ ಕೇಂದ್ರವೊಂದರಲ್ಲಿ ನಾನೂ ಅಕ್ಕಿ ಮೂಟೆ ಹೊತ್ತವನು. ಜತೆಗಿದ್ದ ಹುಡುಗ ಲಾರಿಯಿಂದ ಜಾರಿಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆ ಖರ್ಚು ಅವನ ಅಪ್ಪನ ತಲೆಗೇ ಬಂತು. ಕರೆತಂದ ಸಂಸ್ಥೆ ಕೊಟ್ಟದ್ದು ಒಂದು ಪ್ರಮಾಣಪತ್ರ! ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗಾಗಿ ಇರುವ ಸರ್ಕಾರದ ‘ಆಪದಾ ಮಿತ್ರ’ ಯೋಜನೆಯಲ್ಲಿ ತರಬೇತಿ, ಕಿಟ್, ವಿಮೆ ಮೂರೂ ಇವೆ. ಖಾಸಗಿ ಸಂಸ್ಥೆಗಳೇಕೆ ಇಷ್ಟೂ ಮಾಡಬಾರದು?

ಹಾಗಂತ ನಮ್ಮ ಸ್ವಯಂಸೇವಕರೆಲ್ಲ ಸಾಚಾ ಅಲ್ಲ. ಕಂಬಳಿ ಕೊಡುವಾಗ ಅಜ್ಜಿಯಂದಿರನ್ನು ನಿಲ್ಲಿಸಿ ಸೆಲ್ಫಿ ತೆಗೆದವರನ್ನೂ, ಹೇಳದೆ ಕೇಳದೆ ನಡುವೆಯೇ ಮನೆಗೆ ಹೋದವರನ್ನೂ ಕಂಡಿದ್ದೇನೆ. ಮಳೆಗಾಲಕ್ಕೆ ಮುನ್ನವೇ ಜಿಲ್ಲಾಡಳಿತ ಈ ಸಂಸ್ಥೆಗಳನ್ನು ಕರೆಸಲಿ. ವಿಮೆಯಿಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸುವುದಿಲ್ಲ, ಒಪ್ಪಿಗೆಯಿಲ್ಲದೆ ಸಂತ್ರಸ್ತರ ಫೋಟೊ ತೆಗೆಯುವುದಿಲ್ಲ ಎಂದು ಬರೆಸಿಕೊಳ್ಳಲಿ.

– ಆಟೊ ಚಾಲಕ, ಕುಶಾಲನಗರ