ದೊಡ್ಡೇರಿಗೆ ಹೋಗಿ ಬಂದು, ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ರಾಯಗಡ ಹತ್ತಿಬಂದ ಸುದ್ದಿ ಓದಿ ಖುಷಿಯಾಯಿತು. ಆದರೆ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, ‘ಮರಾಠರ ಇತಿಹಾಸ ನೋಡಬೇಕಂದ್ರೆ ಸಹ್ಯಾದ್ರಿಗೇ ಬರಬೇಕು ಕಣೋ, ನಮ್ಮ ಚಳ್ಳಕೆರೆ ಕಡೆ ಏನಿದೆ’ ಅಂತ, ಅದು ನನ್ನನ್ನು ಎರಡು ದಿನ ಕೊರೆಯಿತು. ಹೋದ ಭಾನುವಾರ ಬೆಳಿಗ್ಗೆ ಬೈಕ್ ತಗೊಂಡು ದೊಡ್ಡೇರಿಗೆ ಹೋಗಿಬಂದೆ. ನಾವು ಎಷ್ಟು ಸಲ ಆ ಊರಿನ ಪಕ್ಕದಲ್ಲೇ ಹಾದು ಹೋಗಿಲ್ಲ! ಒಬ್ಬ ಮೇಷ್ಟ್ರೂ ನಮಗೆ ಹೇಳಲಿಲ್ಲ, ಔರಂಗಜೇಬನ ಒಂದು ಇಡೀ ಸೈನ್ಯ ಈ ಊರಲ್ಲಿ ಹಸಿವಿನಿಂದ ಸೋತು ಶರಣಾಯಿತು ಅಂತ.

ನೀನು ನೋಡಿದ ರಾಯಗಡ, ಮರಾಠರ ರಾಜಧಾನಿ, 1689ರಲ್ಲಿ ಮೊಗಲರ ಕೈಸೇರಿತು. ಅದೇ ವರ್ಷ ಮಾರ್ಚಿನಲ್ಲಿ ಶಿವಾಜಿಯ ಮಗ ಸಂಭಾಜಿಯನ್ನು ಕೊಂದಿದ್ದರು. ಹೆಂಡತಿ ಯೇಸುಬಾಯಿ, ಮಗ ಶಾಹು ಇಬ್ಬರೂ ಸೆರೆಯಾದರು. ತಮ್ಮ ರಾಜಾರಾಮ ವೇಷ ಮರೆಸಿಕೊಂಡು ದಕ್ಷಿಣಕ್ಕೆ ಹೊರಟ. ಆಗ ಅವನಿಗೆ ಆಸರೆ ಕೊಟ್ಟವಳು ನಮ್ಮ ಕೆಳದಿ ಚೆನ್ನಮ್ಮ. ಬಾದಶಹನ ಸೈನ್ಯ ತನ್ನ ಮೇಲೇ ಬರುತ್ತದೆ ಅಂತ ಗೊತ್ತಿದ್ದೂ ಕೊಟ್ಟಳು, ಸೈನ್ಯ ಬಂದೂ ಬಂತು. ರಾಜಾರಾಮ ತಮಿಳುನಾಡಿನ ಜಿಂಜಿ ಸೇರಿದ ಮೇಲೆ ಮರಾಠರ ಗದ್ದುಗೆ ಅಲ್ಲೇ ಎಂಟು ವರ್ಷ ಇತ್ತು. ಈಗ ನಕ್ಷೆ ಬಿಚ್ಚಿ ನೋಡು. ಮೇಲೆ ಮಹಾರಾಷ್ಟ್ರ, ಕೆಳಗೆ ಜಿಂಜಿ, ನಡುವೆ ನಾವು. ಓಡಾಡುವ ಕುದುರೆ, ಸಾಗುವ ಹಣ, ಬೆನ್ನಟ್ಟುವ ದಂಡು, ಎಲ್ಲದಕ್ಕೂ ದಾರಿ ನಮ್ಮ ನೆಲದ ಮೇಲೇ.

ಆ ದಾರಿಯಲ್ಲಿ ಮೊಗಲರಿಗೆ ನಿದ್ದೆಗೆಡಿಸಿದವನು ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆ. ಸಂಭಾಜಿ ಸಿಕ್ಕಿಬಿದ್ದ ದಿನ ಅವನನ್ನು ಉಳಿಸಲು ಕಾದಾಡಿ ಸತ್ತ ಮ್ಹಾಳೋಜಿಯ ಮಗ. ನಮ್ಮ ಸಂಡೂರನ್ನು ಆಳಿದವರೂ ಘೋರ್ಪಡೆಯವರೇ, ನೆನಪಿದೆಯಲ್ಲ.

1695ರ ನವೆಂಬರ್. ಲೂಟಿ ಹೊತ್ತು ಸಂತಾಜಿ ಈ ಸೀಮೆಯಲ್ಲಿ ಹಾದುಹೋಗುತ್ತಿದ್ದಾನೆ ಅಂತ ತಿಳಿದು, ಶಿರಾದ ಸುಬೇದಾರ ಕಾಸಿಂ ಖಾನನಿಗೆ ಅವನನ್ನು ತಡೆ ಅಂತ ಬಾದಶಹನ ಅಪ್ಪಣೆಯಾಯಿತು. ನೆರವಿಗೆ ಖಾನಾಜಾದ್ ಖಾನನೂ ಇನ್ನೂ ಕೆಲವು ಸರದಾರರೂ ಬಂದರು. ಬಂದವರು ದೊಡ್ಡ ಮನೆತನದವರು. ಕಾಸಿಂ ಖಾನ ಅವರ ಸತ್ಕಾರಕ್ಕೆ ಅಂತ ಆದವಾನಿಯಿಂದ ಚಿನ್ನ ಬೆಳ್ಳಿಯ ಪಾತ್ರೆ, ಪಿಂಗಾಣಿ, ಹೊಸ ಡೇರೆಗಳನ್ನೆಲ್ಲ ತರಿಸಿದ. ಮಾರನೆಯ ದಿನದ ಬಿಡಾರಕ್ಕೆ ಅಂತ ಆ ಡೇರೆಗಳನ್ನು ಕೆಲವು ಮೈಲಿ ಮುಂದೆ ಕಳಿಸಿದ. ಯುದ್ಧಕ್ಕೆ ಹೊರಟ ದಂಡು ಬೀಗರೂಟದ ಸಡಗರದಲ್ಲಿ ಇತ್ತು.

ಸಂತಾಜಿ ತನ್ನ ಜನವನ್ನು ಮೂರು ಪಾಲು ಮಾಡಿದ. ಒಂದು ಪಾಲು ಬೆಳಗಾಗುತ್ತಲೇ ಮುಂದೆ ಹೋಗಿದ್ದ ಡೇರೆಗಳ ಮೇಲೆ ಬಿತ್ತು. ಸುದ್ದಿ ಕೇಳಿ ಕಾಸಿಂ ಖಾನ, ಮಲಗಿದ್ದ ಖಾನಾಜಾದ್ ಖಾನನನ್ನು ಎಬ್ಬಿಸದೆ, ಅತ್ತ ಓಡಿದ. ಎರಡನೇ ಪಾಲು ಅವನಿಗೆ ಅಡ್ಡ ನಿಂತಿತು. ಹಿಂದಿನಿಂದ ಖಾನಾಜಾದ್ ಖಾನನೂ ಎದ್ದು ಬಂದು ಕೂಡಿಕೊಂಡ. ಅದಕ್ಕೇ ಕಾದಿದ್ದ ಮೂರನೇ ಪಾಲು, ಜನವೇ ಉಳಿಯದ ಹಿಂದಿನ ಪಾಳೆಯಕ್ಕೆ ನುಗ್ಗಿ ಸಾಮಾನೆಲ್ಲ ಬಾಚಿತು. ಓದುವಾಗ ನನಗೆ ಮೈ ಜುಮ್ಮೆಂದಿತು. ನಾವು ಗನೀಮಿ ಕಾವಾ ಅಂದರೆ ಬಂದು ಹೊಡೆದು ಓಡುವುದು ಅಂತಷ್ಟೇ ತಿಳಿದಿದ್ದೆವು. ಇದರಲ್ಲಿ ಎಷ್ಟು ಲೆಕ್ಕಾಚಾರ ಇದೆ ನೋಡು. ಎದುರಾಳಿ ಎಲ್ಲಿ ಮಲಗುತ್ತಾನೆ, ಯಾರಿಗೆ ಮೊದಲು ಸುದ್ದಿ ಮುಟ್ಟುತ್ತದೆ, ಆಗ ಅವನು ಏನು ಮಾಡುತ್ತಾನೆ, ಎಲ್ಲವನ್ನೂ ಮೊದಲೇ ಮನಸ್ಸಿನಲ್ಲಿ ಆಡಿಸಿ ನೋಡಿದ್ದಾನೆ.

ಆಮೇಲೆ ಸೋತ ಮೊಗಲರಿಗೆ ಉಳಿದ ಆಸರೆ ದೊಡ್ಡೇರಿಯ ಚಿಕ್ಕ ಕೋಟೆ. ಒಳಗಿದ್ದವರು ಮೊದಲು ಬಾಗಿಲೇ ತೆಗೆಯಲಿಲ್ಲ. ಅಷ್ಟು ಜನಕ್ಕೆ ಅಲ್ಲಿ ದವಸ ಎಲ್ಲಿಂದ ಬರಬೇಕು? ಕೊನೆಗೆ ಹೇಗೋ ಒಳಗೆ ನುಗ್ಗಿದರು, ಸುತ್ತಲೂ ಸಂತಾಜಿ ಕೂತ. ಮೇವಿಲ್ಲದೆ ದನಕರು ಗುಡಿಸಲ ಮೇಲಿನ ಹುಲ್ಲು ತಿಂದವು, ಕುದುರೆಗಳು ಒಂದರ ಬಾಲವನ್ನು ಇನ್ನೊಂದು ಕಡಿದವು ಅಂತ ಮೊಗಲರ ಕಡೆಯ ಬರಹಗಾರರೇ ಬರೆದಿದ್ದಾರೆ. ಕಾಸಿಂ ಖಾನನಿಗೆ ಅಫೀಮಿನ ಚಟ. ಅದು ಸಿಗದೆ ಸತ್ತ ಅಂತ ಕೆಲವರು, ಅವಮಾನ ತಾಳದೆ ತಾನೇ ಪ್ರಾಣ ಕಳಕೊಂಡ ಅಂತ ಇನ್ನು ಕೆಲವರು. ಖಾನಾಜಾದ್ ಖಾನ 20 ಲಕ್ಷ ರೂಪಾಯಿಗೆ ಒಪ್ಪಿಕೊಂಡು, ಆನೆ ಕುದುರೆ ಸಾಮಾನೆಲ್ಲ ಬಿಟ್ಟು, ಹೊರಗೆ ಬಂದ. ಹಾಗೆ ಬಂದ ಹಸಿದ ಸಿಪಾಯಿಗಳಿಗೆ ರೊಟ್ಟಿ, ನೀರು ಕೊಟ್ಟವರು ಸಂತಾಜಿಯ ಜನವೇ. ಇಡೀ ಕತೆಯಲ್ಲಿ ನನ್ನ ಕಣ್ಣು ತೇವವಾದದ್ದು ಈ ಒಂದು ಕಡೆ.

ಸಂತಾಜಿ ಒಬ್ಬನೇ ಗೆದ್ದದ್ದಲ್ಲ ಅನ್ನುವುದನ್ನೂ ನಿನಗೆ ಹೇಳಬೇಕು. ಚಿತ್ರದುರ್ಗದ ಭರಮಣ್ಣ ನಾಯಕ ಅವನ ಕಡೆ ಇದ್ದ. ಮೊಗಲರನ್ನು ದೂರದಿಂದಲೇ ಹೊಡೆದು ಬೀಳಿಸಿದವರು ಕನ್ನಡ ಸೀಮೆಯ ಬಂದೂಕಿನ ಕಾಲಾಳುಗಳು. ಪರ್ಷಿಯನ್ ಬರಹಗಳಲ್ಲಿ ಅವರಿಗೆ ‘ಕಾಲಾ ಪಿಯಾದಾ’, ಕಪ್ಪು ಕಾಲಾಳು ಅಂತ ಹೆಸರು. ಒಬ್ಬನ ಹೆಸರೂ ನನಗೆ ಸಿಗಲಿಲ್ಲ. ನಮ್ಮ ಸೀಮೆಯ ಬೇಡರು ಅವರಲ್ಲಿ ಇದ್ದಿರಲೇಬೇಕು ಅಂತ ನನ್ನ ಮನಸ್ಸು ಹೇಳುತ್ತದೆ. ಎರಡು ತಿಂಗಳೊಳಗೆ, 1696ರ ಜನವರಿಯಲ್ಲಿ, ಬಸವಾಪಟ್ಟಣದ ಹತ್ತಿರ ಮೊಗಲ ಸರದಾರ ಹಿಮ್ಮತ್ ಖಾನ ಸತ್ತದ್ದೂ ಇಂಥ ಕಾಲಾಳಿನ ಗುಂಡು ಹಣೆಗೆ ಬಿದ್ದು.

ಬಸವಾಪಟ್ಟಣ ಅಂದ ಕೂಡಲೇ ಹೊದಿಗೆರೆ ನೆನಪಾಗಬೇಕು, ಎರಡೂ ಚನ್ನಗಿರಿ ತಾಲ್ಲೂಕು. 1664ರ ಜನವರಿಯಲ್ಲಿ ಶಿವಾಜಿಯ ಅಪ್ಪ ಶಹಾಜಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತದ್ದು ಹೊದಿಗೆರೆಯಲ್ಲಿ. ಸಮಾಧಿ ಇವತ್ತಿಗೂ ಇದೆ. ಬಿಜಾಪುರದ ಪರವಾಗಿ ಕೆಂಪೇಗೌಡರ ಬೆಂಗಳೂರನ್ನು ಗೆದ್ದು ಅಲ್ಲಿ ಜಹಗೀರು ನಡೆಸಿದ ಮನುಷ್ಯ ಮಣ್ಣಾದದ್ದೂ ಕನ್ನಡ ನೆಲದಲ್ಲೇ.

ಸಂತಾಜಿಗೆ ಮಾತ್ರ ಅಂಥ ಸಾವು ಬರಲಿಲ್ಲ. ಶಿಸ್ತಿನ ವಿಷಯದಲ್ಲಿ ತುಂಬಾ ಕಠೋರ, ಮಾತು ಒರಟು. ರಾಜಾರಾಮನ ಜೊತೆ ಮನಸ್ಸು ಕೆಡಿಸಿಕೊಂಡ, ಇನ್ನೊಬ್ಬ ಮರಾಠ ಸರದಾರ ಧನಾಜಿ ಜಾಧವನ ಜೊತೆ ಕಾದಾಡಿದ. ತಪ್ಪು ಮಾಡಿದ ಒಬ್ಬ ಸರದಾರನನ್ನು ಆನೆ ಕಾಲಿಗೆ ಹಾಕಿಸಿದ್ದ. ಆ ಸರದಾರನ ನೆಂಟ ನಾಗೋಜಿ ಮಾನೆ ಹುಡುಕಿಕೊಂಡು ಬಂದು 1697ರಲ್ಲಿ ಅವನ ತಲೆ ಕಡಿದ. ಬಾದಶಹನಿಂದ ಆಗದ ಕೆಲಸ ತಮ್ಮವರಿಂದಲೇ ಆಯಿತು.

ಒಂದು ಮಾತು ಬರೆಯದೆ ಇರಲಾರೆ. ಆ ನವೆಂಬರಿನಲ್ಲಿ ದೊಡ್ಡೇರಿ ಸುತ್ತಲಿನ ಹೊಲದಲ್ಲಿ ಏನಾದರೂ ಬೆಳೆ ನಿಂತಿದ್ದರೆ ಅದು ಯಾರ ಕುದುರೆಯ ಹೊಟ್ಟೆಗೆ ಹೋಯಿತೋ. ಚೌತ್ ಅಂತ ಕಂದಾಯದ ಕಾಲುಭಾಗ ಕೇಳುವ ಮರಾಠರು ಒಂದು ಕಡೆ, ಶಿರಾ ಸುಬೇದಾರನ ವಸೂಲಿ ಇನ್ನೊಂದು ಕಡೆ. ನನಗೆ ಸಂತಾಜಿ ಮೇಲೆ ಅಭಿಮಾನ ಇದೆ, ಮುಚ್ಚಿಡುವುದಿಲ್ಲ. ಆದರೆ ಅವತ್ತು ಶೇಂಗಾ ಹೊಲದ ಬದುವಿನ ಮೇಲೆ ಕೂತು ನಾನು ಹೆಚ್ಚು ಹೊತ್ತು ನೆನೆದದ್ದು ಆ ಒಕ್ಕಲಿನ ಮನೆಗಳನ್ನು. ಕುರಿ ಹಿಂಡೊಂದು ಹಾದುಹೋಯಿತು. ಕಾಯುತ್ತಿದ್ದ ಅಜ್ಜ ‘ಯಾವೂರಪ್ಪಾ’ ಅಂದ. ಹೇಳಿದೆ. ‘ಬಿಸಿಲಾಗೆ ಯಾಕ್ ಕುಂತಿ, ಮರದ ನೆಳ್ಳಿಗೆ ಹೋಗು’ ಅಂದು ಮುಂದೆ ಹೋದ.

ಸಂಕ್ರಾಂತಿಗೆ ಊರಿಗೆ ಬರ್ತೀನಿ ಅಂದಿದ್ದೀಯ. ಎರಡು ದಿನ ಹೆಚ್ಚಿಗೆ ರಜೆ ಹಾಕು. ಮೊದಲು ಹೊದಿಗೆರೆ, ಅಲ್ಲಿಂದ ಬಸವಾಪಟ್ಟಣ, ರಾತ್ರಿ ದುರ್ಗದಲ್ಲಿ ಉಳಿದು ಬೆಳಿಗ್ಗೆ ದೊಡ್ಡೇರಿ. ಬುತ್ತಿಗೆ ಅಮ್ಮ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕೊಡ್ತಾಳೆ. ಅಲ್ಲೇ ಕೂತು ತಿನ್ನೋಣ.

ಇಂತಿ ನಿನ್ನ,
ಚಳ್ಳಕೆರೆ ಗೆಳೆಯ