ಫರ್ಸಿ ಒಡೆಯುವ ಮೊದಲು ಒಮ್ಮೆ ನೋಡಲು ಬಿಡಿ: ಕಲಬುರಗಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಸಚಿವರಿಗೆ ಶರಣು ಶರಣಾರ್ಥಿ.

ನಾನು ಶಹಾಬಾದ್ ಹತ್ತಿರ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣದ ಕಲ್ಲು, ಪಾಲಿಶ್ ಮಾಡುವ ಸಣ್ಣ ಶೆಡ್ ನಡೆಸುವವನು. ಗಾಬರಿಯಾಗಬೇಡಿ, ರಸ್ತೆ, ಕರೆಂಟು, ಲೋನು ಯಾವುದನ್ನೂ ಕೇಳಲು ಬರೆಯುತ್ತಿಲ್ಲ. ಅವನ್ನು ಕೇಳಿ ಕೇಳಿ ನನಗೂ ಸಾಕಾಗಿದೆ.

ನನ್ನ ಅಣ್ಣನ ಮಗಳು ಭೂವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿ ಈಗ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೋದ ವರ್ಷ ಒಂದು ಸುತ್ತಿಗೆ, ಒಂದು ನೋಟ್‌ಬುಕ್ಕು ಹಿಡಿದು ಕಲ್ಲಿನ ಖಣಿಯೊಂದಕ್ಕೆ ಹೋದಳು. ಗೇಟಿನಲ್ಲೇ ನಿಲ್ಲಿಸಿದರು. ಪರ್ಮಿಷನ್ ಎಲ್ಲಿ ಅಂದರು. ಯಾರಿಂದ ತರಬೇಕು ಅಂದರೆ ಅದು ಅವರಿಗೂ ಗೊತ್ತಿಲ್ಲ. ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು, ಅವರು ಮತ್ತೆ ಮೊದಲಿನದನ್ನೇ ತೋರಿಸಿದರು. ನಾಲ್ಕು ತಿಂಗಳು ಹೀಗೇ ಕಳೆಯಿತು. ಅಷ್ಟರಲ್ಲಿ ಅವಳು ನೋಡಬೇಕೆಂದಿದ್ದ ಖಣಿಯ ಕಲ್ಲಿನ ಗೋಡೆಯೇ ಇರಲಿಲ್ಲ, ಕಡಿದು ಲಾರಿಗೆ ಹೇರಿ ಆಗಿತ್ತು.

ಒಂದು ಗೋಡೆ ಹೋದರೆ ಏನಾಯ್ತು ಅಂತ ನೀವು ಕೇಳಬಹುದು. ಮೊದಲು ನಾನೂ ಹಾಗೇ ಕೇಳಿದವನೇ.

ಇಪ್ಪತ್ತು ವರ್ಷದಿಂದ ಈ ಕಲ್ಲನ್ನು ತಿಕ್ಕುತ್ತಿದ್ದೇನೆ, ಅದು ಸಮುದ್ರದ ತಳ ಅಂತ ಅವಳು ಹೇಳುವ ತನಕ ನನಗೆ ಗೊತ್ತಿರಲಿಲ್ಲ. ಭೀಮಾ ಬೇಸಿನ್ ಅಂತ ಅದರ ಹೆಸರು. ಡೈನೋಸಾರ್ ಹುಟ್ಟುವುದಕ್ಕೂ ಎಷ್ಟೋ ಮೊದಲು, 50 ಕೋಟಿ ವರ್ಷಕ್ಕಿಂತಲೂ ಹಿಂದೆ ಇಲ್ಲಿ ತಿಳಿ ಸಮುದ್ರ ಇತ್ತಂತೆ, ಅದರ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಗಿದ್ದೇ ನಮ್ಮ ಫರ್ಸಿ. ಅದಕ್ಕೇ ಅದು ಹಾಸು ಹಾಸಾಗಿ ಏಳುತ್ತದೆ. ಕೆಲವು ಹಾಸಿನ ಮೇಲೆ ಅಂಕುಡೊಂಕು ಕಪ್ಪು ಗೆರೆ ಇರುತ್ತದಲ್ಲ, ಗಿರಾಕಿಗಳು ಡಿಫೆಕ್ಟ್ ಅಂತ ರೇಟು ಇಳಿಸುತ್ತಾರೆ, ಅದು ಮೇಲಿನ ಭಾರಕ್ಕೆ ಕಲ್ಲೇ ಸ್ವಲ್ಪ ಕರಗಿ, ಕರಗದ ಮಣ್ಣು ಮಾತ್ರ ಉಳಿದು ಆದ ಗೆರೆ. ಇದೇ ಬೇಸಿನ್ನಿನ ಜೇಡಿಪದರಗಳಲ್ಲಿ ಚುವಾರಿಯಾ ಅನ್ನುವ ಜೀವಿಯ ಗುರುತು ಸಿಕ್ಕಿದೆ. ಕಪ್ಪು ಚುಕ್ಕಿ, ಅಬ್ಬಬ್ಬಾ ಅಂದರೆ ಕೆಲವು ಮಿಲಿಮೀಟರ್. ಎಲುಬಿಲ್ಲ, ಚಿಪ್ಪಿಲ್ಲ. ಆಗಿನ ಜೀವ ಅಂದರೆ ಬಹುಪಾಲು ಅಷ್ಟೇ. ಇಂಥದ್ದನ್ನು ಜೆಸಿಬಿ ಡ್ರೈವರ್ ಗುರುತಿಸಬೇಕು ಅಂದರೆ ಆಗುತ್ತದಾ?

ಖಣಿ ಇರುವ ಕಡೆ ವಿಜ್ಞಾನ ನಡೆಯುವುದಿಲ್ಲ ಅಂತ ಏನಿಲ್ಲ ಸಾಹೇಬರೇ. ಗುಜರಾತಿನ ಕಚ್ಛ್‌ನಲ್ಲಿ ಪಾನಂಧ್ರೊ ಅಂತ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿ ಇದೆ. ಅಲ್ಲಿಂದ 2005ರಲ್ಲಿ ಐಐಟಿ ರೂರ್ಕಿಯ ಸುನಿಲ್ ಬಾಜಪೇಯಿ ಒಂದಷ್ಟು ಎಲುಬು ತಂದಿಟ್ಟರು. ಮೊಸಳೆಯದ್ದಿರಬೇಕು ಅಂದುಕೊಂಡು ಅವು ವರ್ಷಗಟ್ಟಲೆ ಹಾಗೇ ಇದ್ದವು. ಆಮೇಲೆ ಪಿಎಚ್‌ಡಿ ಮುಗಿಸಿ ಆ ಐಐಟಿಗೆ ಬಂದ ದೇವಜಿತ್ ದತ್ತಾ ಅನ್ನುವ ಯುವಕ ಅವರ ಜೊತೆ ಸೇರಿ ಅವನ್ನು ಮತ್ತೆ ನೋಡಿದರು. 27 ಬೆನ್ನೆಲುಬು. ಮೊಸಳೆ ಅಲ್ಲ, ಹಾವು! ಸುಮಾರು 4.7 ಕೋಟಿ ವರ್ಷ ಹಳೆಯದು, ಉದ್ದ 11ರಿಂದ 15 ಮೀಟರ್ ಇದ್ದಿರಬಹುದು ಅಂತ 2024ರಲ್ಲಿ ಪ್ರಕಟಿಸಿದರು. ಅಂದರೆ ಹೆಚ್ಚುಕಡಿಮೆ ನಮ್ಮ ಕೆಕೆಆರ್‌ಟಿಸಿ ಬಸ್ಸಿನಷ್ಟು. ಹೆಸರು ವಾಸುಕಿ. ಎಲುಬನ್ನು ಯಾರೋ ಜೋಪಾನವಾಗಿ ಇಟ್ಟಿದ್ದರಿಂದ ತಾನೇ ಇದೆಲ್ಲ ಆಗಿದ್ದು.

ಇನ್ನೊಂದು ನನಗೆ ತುಂಬಾ ಇಷ್ಟವಾದ ಕಥೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಮಾಡಿನಲ್ಲಿ ಡಿಕಿನ್ಸೋನಿಯಾ ಅನ್ನುವ ಅತಿ ಪ್ರಾಚೀನ ಪ್ರಾಣಿಯ ಪಳೆಯುಳಿಕೆ ಇದೆ ಅಂತ 2021ರಲ್ಲಿ ದೊಡ್ಡ ದೊಡ್ಡವರು ಸೇರಿ ಬರೆದರು, ಪೇಪರಿನಲ್ಲೆಲ್ಲ ಬಂತು. ಆಮೇಲೆ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಪ್ರೊಫೆಸರ್ ಜೋಸೆಫ್ ಮೀರ್ಟ್, ಅವರ ವಿದ್ಯಾರ್ಥಿ ಸ್ಯಾಮ್ಯುಯೆಲ್ ಕ್ವಾಫೊ ಇದ್ದ ತಂಡ ಅಲ್ಲಿಗೇ ಹೋಗಿ ನೋಡಿದರೆ ಅದು ಹಳೇ ಹೆಜ್ಜೇನು ಗೂಡು! ಬಂಡೆಯಿಂದ ಕಿತ್ತು ಬರುತ್ತಿತ್ತು, ಗೂಡಿನ ಕಣ್ಣುಗಳೂ ಕಾಣುತ್ತಿದ್ದವು. ಮೊದಲು ಬರೆದವರೇ ತಪ್ಪು ಒಪ್ಪಿಕೊಂಡರು. ನಮ್ಮ ಕಡೆ ಕುರಿ ಕಾಯುವ ಹುಡುಗನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದನೇನೋ, ಇರಲಿ. ಆ ಬಂಡೆ ಇನ್ನೂ ಅಲ್ಲೇ ಇತ್ತು, ಅದಕ್ಕೇ ವಿದ್ಯಾರ್ಥಿಯೂ ಇದ್ದ ಆ ತಂಡ ಹೋಗಿ ಪರೀಕ್ಷೆ ಮಾಡಲು ಸಾಧ್ಯವಾಯಿತು. ನಮ್ಮ ಕಲ್ಲು ಸಿಮೆಂಟ್ ಫ್ಯಾಕ್ಟರಿಯ ಭಟ್ಟಿಯಲ್ಲಿ 1450 ಡಿಗ್ರಿಗೆ ಬೆಂದ ಮೇಲೆ ಯಾರು ಹೋಗಿ ಏನು ನೋಡುತ್ತಾರೆ?

ಖಣಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ಹೊಟ್ಟೆ ಮೇಲೇ ಕಲ್ಲು ಬೀಳುತ್ತದೆ. ನಾನು ಕೇಳುತ್ತಿರುವುದು ಒಂದು ಆದೇಶ. ವಿಶ್ವವಿದ್ಯಾಲಯದ ಪತ್ರ ತಂದ ಸಂಶೋಧನಾ ವಿದ್ಯಾರ್ಥಿಗೆ, ಹೆಲ್ಮೆಟ್ ಹಾಕಿಸಿ, ಬ್ಲಾಸ್ಟಿಂಗ್ ಇಲ್ಲದ ಹೊತ್ತಿನಲ್ಲಿ, ಹೊಸದಾಗಿ ತೆರೆದ ಗೋಡೆ ನೋಡಿ ಫೋಟೋ ತೆಗೆದು ಸ್ಯಾಂಪಲ್ ಒಯ್ಯಲು ಬಿಡಬೇಕು, ಅರ್ಜಿಗೆ 15 ದಿನದೊಳಗೆ ಹೂಂ ಅಥವಾ ಊಹೂಂ ಅನ್ನಬೇಕು, ಅಷ್ಟೇ. ಜೊತೆಗೆ ಆ ಕಲ್ಲುಗಳನ್ನು ನಂಬರ್ ಹಾಕಿ ಇಡಲು ಕಲಬುರಗಿಯಲ್ಲಿ ಒಂದು ಕೋಣೆ, ನಾಲ್ಕು ಕಬ್ಬಿಣದ ರ‍್ಯಾಕು, ನೋಡಿಕೊಳ್ಳಲು ಒಬ್ಬರು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಾದರೂ ಸರಿ, ಗಣಿಯವರು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡಾದರೂ ಸರಿ.

ಇದು ಬರೀ ಚುಕ್ಕಿ ಎಣಿಸುವ ವಿದ್ಯೆ ಅಂದುಕೊಳ್ಳಬೇಡಿ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಗುಡುಗಿ ನಡುಗಿದಾಗ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು, 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ನೆನೆದು ಎಷ್ಟೋ ಮಂದಿ ಊರೇ ಬಿಟ್ಟರು. ನೆಲದೊಳಗೆ ಸುಣ್ಣದ ಕಲ್ಲು ಎಲ್ಲಿ ಬಿರುಕು ಬಿಟ್ಟಿದೆ, ಮಳೆ ನೀರು ಎಲ್ಲಿ ಇಳಿಯುತ್ತದೆ ಅಂತ ಅಂಥ ಹೊತ್ತಿನಲ್ಲಿ ಹೇಳಬೇಕಾದವರೂ ಇದೇ ವಿದ್ಯೆ ಓದಿದವರೇ. ಅವರು ಇಲ್ಲಿಯ ಕಲ್ಲಿನ ಮೇಲೆಯೇ ಕೈ ಪಳಗಿಸಿಕೊಂಡರೆ ಒಳ್ಳೆಯದಲ್ವಾ?

ಇಲಾಖೆಗಳ ಕೆಲಸ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಗಣಿ ಇಲಾಖೆಯ ಸರದಿ ಬಂದಾಗ ಇದನ್ನೊಂದು ಸಲ ಎತ್ತಿ. ಶೆಡ್ಡಿನ ಮೂಲೆಯಲ್ಲಿ ಏಳು ಹಾಸು ತೆಗೆದಿಟ್ಟಿದ್ದೇನೆ. "ಕಾಕಾ, ಇವಕ್ಕ ಪಾಲಿಶ್ ಹೊಡಿಬ್ಯಾಡ್ರಿ" ಅಂದು ಅಣ್ಣನ ಮಗಳು ಹೋಗಿದ್ದಾಳೆ. ಮಳೆ ನಿಂತು ಖಣಿಯ ನೀರು ಇಳಿದ ಮೇಲೆ ಮತ್ತೆ ಬರುತ್ತಾಳಂತೆ, ಅಷ್ಟರೊಳಗೆ ಆ ಆದೇಶದ ಒಂದು ಪ್ರತಿ ಅವಳ ಕೈಯಲ್ಲಿದ್ದರೆ ಚೆನ್ನ.

ಇಂತಿ,
ಶಹಾಬಾದಿನ ಒಬ್ಬ ಫರ್ಸಿ ವ್ಯಾಪಾರಿ