ಬೀರ್‌ನಲ್ಲಿ ಇನ್ನು ಮುಂದೆ ಎರಡು ರಾತ್ರಿ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಹಿಮಾಚಲದ ಬೀರ್-ಬಿಲ್ಲಿಂಗ್‌ಗೆ ನಾವು ನಡೆಸುವ ಟ್ಯಾಂಡಮ್ (ಪೈಲಟ್ ಜತೆ ಒಂದೇ ಗ್ಲೈಡರ್‌ನಲ್ಲಿ ಹಾರುವ) ಪ್ಯಾರಾಗ್ಲೈಡಿಂಗ್ ಪ್ರವಾಸದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ದೆಹಲಿಯಿಂದ ರಾತ್ರಿ ಬಸ್ಸು, ಮರುದಿನ ಹಾರಾಟ, ಅದೇ ಸಂಜೆ ವಾಪಸ್ ಬಸ್ಸು ಅನ್ನುವ ಪ್ಯಾಕೇಜನ್ನು ನಿಲ್ಲಿಸಿದ್ದೇವೆ. ಇನ್ನು ಎರಡು ರಾತ್ರಿ ಬೀರ್‌ನಲ್ಲೇ ಉಳಿಯಬೇಕು. ಖರ್ಚು ಜಾಸ್ತಿ ಆಗುತ್ತದೆ, ಮುಚ್ಚಿಡುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ನಡೆದದ್ದು ಹೇಳುತ್ತೇವೆ. ಹಾರಲು ಹೊರಡುವ ಜಾಗವಾದ ಬಿಲ್ಲಿಂಗ್ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ, ಬೀರ್‌ನಿಂದ ಜೀಪಿನಲ್ಲಿ 14 ಕಿ.ಮೀ. ತಿರುವು ದಾರಿ. ಬಸ್ಸು ತಡವಾಗಿ, ನಮ್ಮ ಗುಂಪು ಮೇಲೆ ಹೋದಾಗ ಮಧ್ಯಾಹ್ನ ದಾಟಿತ್ತು. ಧೌಲಾಧಾರ್ ಸಾಲಿನ ಮೇಲೆ ಮೋಡ ಹೂಕೋಸಿನ ಹಾಗೆ ಉಬ್ಬುತ್ತಿತ್ತು. ಗಾಳಿಯ ದಿಕ್ಕು ತೋರಿಸುವ ಬಟ್ಟೆ ಒಮ್ಮೆ ಬೆಟ್ಟದ ಕಡೆ, ಒಮ್ಮೆ ಕಣಿವೆ ಕಡೆ ತಿರುಗುತ್ತಿತ್ತು. ಪೈಲಟ್ ಮೂರು ಸಲ ಬೆಲ್ಟು ಬಿಗಿದು ಮೂರು ಸಲ ಬಿಚ್ಚಿದರು. "ಸಂಜೆ ಬಸ್ಸಿದೆ, ಹೇಗಾದ್ರೂ ಮಾಡಿ ಹಾರಿಸಿ ಸಾರ್" ಅಂತ ಒಬ್ಬರು ಅಂದರು. ಜತೆಗಿದ್ದ ನಮ್ಮ ಹುಡುಗನೂ ಅದಕ್ಕೇ ದನಿಗೂಡಿಸಿದ. ಆ ತಪ್ಪು ನಮ್ಮದು. ಪೈಲಟ್ ಏನೂ ಮಾತಾಡದೆ ಗ್ಲೈಡರ್ ಮಡಚಿ ಚೀಲಕ್ಕೆ ತುಂಬಿದರು. ಮುಕ್ಕಾಲು ಗಂಟೆ ಕಳೆದಿರಲಿಲ್ಲ, ಆಲಿಕಲ್ಲು ಬಿತ್ತು.

ಬಿಸಿಲಿಗೆ ಇಳಿಜಾರು ಕಾದು ಮೇಲೇಳುವ ಗಾಳಿಯೇ ಗ್ಲೈಡರನ್ನು ಎತ್ತುವುದು. ಅದೇ ಗಾಳಿ ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡವನ್ನೂ ಕಟ್ಟುತ್ತದೆ. ಮೋಡ ಒಳಗೆಳೆದುಕೊಂಡರೆ ತಪ್ಪಿಸಿಕೊಳ್ಳಲು ಗ್ಲೈಡರ್‌ನಲ್ಲಿ ಎಂಜಿನ್ ಇಲ್ಲ, ಅಲ್ವಾ?

ಹಾಗಾಗಿ ಬಂದ ದಿನ ಹಾರಾಟ ಇರುವುದಿಲ್ಲ. ಮುಂದಿನ ಎರಡು ಬೆಳಗ್ಗೆಗಳಲ್ಲಿ ಗಾಳಿ ನೋಡಿ ಹಾರುತ್ತೀರಿ. ಪೈಲಟ್ ಬೇಡ ಅಂದರೆ ಬೇಡ, ನಾವೂ ಒತ್ತಾಯ ಮಾಡುವುದಿಲ್ಲ. ಎರಡೂ ದಿನ ಆಗಲಿಲ್ಲ ಅಂದರೆ ಹಾರಾಟದ ಹಣ ಪೂರ್ತಿ ವಾಪಸ್. ರೂಮು, ಜೀಪಿನ ಹಣ ಮಾತ್ರ ಕೊಡಲಾಗುವುದಿಲ್ಲ. ಬಂದ ದಿನ ಸುಮ್ನೆ ಕೂರಬೇಕಿಲ್ಲ. ಟಿಬೆಟನ್ ಕಾಲೊನಿಯ ಮಠಗಳಿವೆ, ಹತ್ತಿರದಲ್ಲೇ 1204ರಲ್ಲಿ ಕಟ್ಟಿದ ಬೈಜನಾಥ ದೇವಸ್ಥಾನವಿದೆ.

ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟಕ್ಕೆ ಮಳೆಗಾಲದ ನಿಷೇಧ ಇರುವುದರಿಂದ ಬುಕಿಂಗ್ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ, ತೂಕ ನಿಜವಾದದ್ದೇ ಬರೆಯಿರಿ. ನಿಮ್ಮದೂ ತಮ್ಮದೂ ಸೇರಿದ ತೂಕಕ್ಕೆ ಒಪ್ಪುವ ಗ್ಲೈಡರನ್ನೇ ಪೈಲಟ್ ತೆಗೆಯಬೇಕು. ಮದುವೆಗೆ ಮುಂಚಿನ ತೂಕ ಅಲ್ಲಿ ನಡೆಯುವುದಿಲ್ಲ. ಹಾರಲು ಹೊರಡುವಾಗ ಪೈಲಟ್ "ಓಡಿ" ಅಂದರೆ ಓಡುತ್ತಲೇ ಇರಿ. ಕಾಲು ನೆಲ ಬಿಡುವ ಮೊದಲೇ ಕೂತುಬಿಡುವವರೇ ಜಾಸ್ತಿ.

ಹಳೆಯ ಪ್ಯಾಕೇಜಿಗೆ ಈಗಾಗಲೇ ಹಣ ಕಟ್ಟಿದವರಿಗೆ ಎರಡನೇ ರಾತ್ರಿಯ ರೂಮು ನಮ್ಮ ಖರ್ಚು. ಬೇಡ ಅನ್ನುವವರು ತಿಳಿಸಿದರೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ.

ಇಂತಿ,
ನಿಮ್ಮ ಪ್ರವಾಸ ಬಳಗ, ಬೆಂಗಳೂರು